ಅತ್ತಿಗೆ ಎಣಿಸಿದ ಒಂದು ವರ್ಷ

ಕಚೇರಿಯಲ್ಲಿ ಎಲ್ಲರೂ ಅವರನ್ನು ಚಕ್ಕೆಯವರು ಎನ್ನುತ್ತಿದ್ದರು. ತಲೆಗೂದಲಲ್ಲಿ ಮರದ ಚಕ್ಕೆ, ಅಂಗಿಯ ತೋಳಿನ ಮಡಿಕೆಯಲ್ಲಿ ಚಕ್ಕೆ, ಕನ್ನಡಕದ ಡಬ್ಬಿ ತೆಗೆದರೆ ಅಲ್ಲೂ ನಾಲ್ಕು ಚಕ್ಕೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಹಾಸಿಗೆ ಕೊಡವುತ್ತಾ, "ರೀ, ನಾನು ಕೈಹಿಡಿದದ್ದು ಮನುಷ್ಯನನ್ನೋ ಮರಕುಟಿಗನನ್ನೋ?" ಎಂದು ಕೇಳಿದ್ದರು. ಮೂವತ್ತೊಂದು ವರ್ಷ ಕಳೆದರೂ ಚಕ್ಕೆಯವರಿಗೆ ಅದಕ್ಕೆ ಸರಿಯಾದ ಉತ್ತರ ಹೊಳೆದಿರಲಿಲ್ಲ. ಬಡಗಿಯಾದರೂ ಅಷ್ಟು ವರ್ಷ ಮರ ಸೀಳಿದರೆ ಯಾರದೋ ಮನೆಗೊಂದು ಬಾಗಿಲು, ಇನ್ನ್ಯಾರದೋ ಮನೆಗೊಂದು ಸ್ಟೂಲು ಎಂದು ಏನಾದರೂ ಉಳಿದಿರುತ್ತದೆ. ಇವರು ಸೀಳಿದ್ದೆಲ್ಲ ಬೆಂಕಿಗೆ ಹೋಗಿ, ಹೊಗೆಯಾಗಿ, ಕೊನೆಗೆ ಕಾಗದದ ಮೇಲೆ ಒಂದೊಂದು ಚುಕ್ಕಿಯಾಗಿ ಮುಗಿದಿತ್ತು.

ಅವರದು ಮರದ ಉಂಗುರ ಬಿಡಿಸುವ ಕೆಲಸ. ಮರವನ್ನು ಅಡ್ಡಕ್ಕೆ ಕೊಯ್ದರೆ ಒಂದರ ಸುತ್ತ ಒಂದು ಉಂಗುರ ಕಾಣುತ್ತವಲ್ಲ, ವರ್ಷಕ್ಕೊಂದರಂತೆ, ಅವನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಕೆತ್ತಿ ತೆಗೆಯಬೇಕು. ಪ್ರಯೋಗಾಲಯದ ನೆಲಮಾಳಿಗೆಯ ಕೊನೆಯ ಕೋಣೆ, ಒಂದು ಮೇಜು, ಒಂದು ಭೂತಗನ್ನಡಿ, ಆಪರೇಷನ್ ಮಾಡುವ ಡಾಕ್ಟರುಗಳ ಪುಟ್ಟ ಚಾಕು. ಬೆಂಕಿಕಡ್ಡಿಗಿಂತ ಸಣ್ಣ ಚೂರುಗಳನ್ನು ಶೀಶೆಗೆ ಹಾಕಿ, ಆಮ್ಲದಲ್ಲಿ ಒಮ್ಮೆ ಕಾಯಿಸಿ, ಕ್ಷಾರದಲ್ಲಿ ಒಮ್ಮೆ ನೆನೆಸಿ, ಮರದ ಬಣ್ಣ, ಅಂಟು, ವಾಸನೆ ಎಲ್ಲ ಬಿಟ್ಟು ಹತ್ತಿಯಂಥ ಬಿಳಿ ನಾರು ಉಳಿದಾಗ, ಅದನ್ನು ಸುಟ್ಟು ಅಳೆಯುವ ಮೇಲಿನ ಮಹಡಿಯ ಯಂತ್ರಕ್ಕೆ ಕಳಿಸಬೇಕು. ಒಂದು ವರ್ಷವನ್ನು ಹೀಗೆ ಬೆಳ್ಳಗೆ ಮಾಡಲು ನಾಲ್ಕೈದು ದಿನ ಹಿಡಿಯುತ್ತದೆ. ಕೈ ಒಂದಿಷ್ಟು ನಡುಗಿದರೆ ಪಕ್ಕದ ವರ್ಷವೂ ಸೇರಿಕೊಂಡು ಎರಡೂ ಕೆಟ್ಟವೆಂದೇ ಲೆಕ್ಕ.

"ಇದರಿಂದ ಏನಯ್ಯಾ ಉಪಯೋಗ?" ಎಂದು ಕೇಳುವ ನೆಂಟರಿಗಾಗಿ ಅವರ ಹತ್ತಿರ ಒಂದು ಸಿದ್ಧ ಭಾಷಣವಿತ್ತು. ಆಕಾಶದಾಚೆಯಿಂದ ಸದಾ ಸಣ್ಣ ಸಣ್ಣ ಕಣಗಳು ಬಂದು ನಮ್ಮ ಗಾಳಿಗೆ ಬಡಿಯುತ್ತವೆ. ಆ ಏಟಿಗೆ ರೇಡಿಯೋ ಕಾರ್ಬನ್ ಎಂಬ, ತೂಕ ಸ್ವಲ್ಪ ಹೆಚ್ಚಿನ ಇಂಗಾಲ ಹುಟ್ಟುತ್ತದೆ. ಸೂರ್ಯ ಚುರುಕಾಗಿದ್ದ ವರ್ಷ ಆ ಕಣಗಳನ್ನು ಬಾಗಿಲಲ್ಲೇ ಗದರಿಸಿ ಓಡಿಸುತ್ತಾನೆ. ತೂಕಡಿಸಿದ ವರ್ಷ ಅವು ಒಳಗೆ ನುಗ್ಗುತ್ತವೆ, ಆ ಇಂಗಾಲವೂ ಹೆಚ್ಚುತ್ತದೆ. ಮರ ಅದೇ ಗಾಳಿಯನ್ನು ತಿಂದು ಆ ವರ್ಷದ ಉಂಗುರ ಕಟ್ಟಿಕೊಳ್ಳುತ್ತದೆ. "ಅಂದರೆ ಮರ ಅನ್ನೋದು ಸೂರ್ಯನ ಹಾಜರಿ ಪುಸ್ತಕ! ಹನ್ನೊಂದು ವರ್ಷಕ್ಕೊಂದು ಸುತ್ತು ಉಬ್ಬಿ ತಗ್ಗುತ್ತಾನೆ. ಇನ್ನೂರು ವರ್ಷಕ್ಕೊಮ್ಮೆ ಉದ್ದದ ರಜಾ. ಅರ್ಜಿ ಇಲ್ಲ, ಅಪ್ಪಣೆ ಇಲ್ಲ. ಮೆಮೊ ಕೊಡೋಣ ಅಂದರೆ ಹತ್ತಿರ ಹೋಗೋರು ಯಾರು?"

ನೆಂಟರು ನಗುತ್ತಿದ್ದರು. ನಗಿಸುವುದು ಚಕ್ಕೆಯವರಿಗೆ ಚಟ. ನಾಲ್ಕು ಜನ ಸೇರಿದ ಕಡೆ ಮಾತು ನಾಲಿಗೆಯ ತುದಿಗೆ ಬಂದರೆ ನುಂಗಲು ಅವರಿಂದ ಆಗುತ್ತಿರಲಿಲ್ಲ. ಆ ಚಟಕ್ಕೆ ಬೆಲೆ ತೆತ್ತವರು ಮಾತ್ರ ಅವರಲ್ಲ, ಅತ್ತಿಗೆ.

ಅತ್ತಿಗೆ ಎಂದರೆ ಸ್ವಂತ ಅಣ್ಣನ ಹೆಂಡತಿ. ಆ ಪ್ರಯೋಗಾಲಯದಲ್ಲಿ ಉಂಗುರ ಎಣಿಸುವ ಕೆಲಸಕ್ಕೆ ಮೊದಲು ಸೇರಿದವರೇ ಅವರು. ಓದು ಮುಗಿಸಿ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ ಮೈದುನನನ್ನು ನೋಡಿ ನೋಡಿ ಸಾಕಾಗಿ, "ಗೋಡೆ ಸವೆಸಿದ್ದು ಸಾಕು, ಬಾ, ಮರ ಸವೆಸುವೆಯಂತೆ" ಎಂದು ಕರೆದೊಯ್ದು ಕೆಲಸಕ್ಕೆ ಹಚ್ಚಿದರು. ಚಾಕು ಹಿಡಿಯುವುದನ್ನು ಕಲಿಸಿದ್ದೂ ಅವರೇ, ಉಸಿರು ಬಿಡುವಾಗ ಕೆತ್ತಬೇಕು, ಎಳೆದುಕೊಳ್ಳುವಾಗ ಕೆತ್ತಬಾರದು ಎಂದು ಬೆರಳಿಗೆ ಹೊಡೆದು ಹೇಳಿಕೊಟ್ಟದ್ದೂ ಅವರೇ. ಇವರು ಅಲ್ಲೂ ಬಾಯ್ತುಂಬ "ಅತ್ತಿಗೆ, ಅತ್ತಿಗೆ" ಎನ್ನುತ್ತಿದ್ದುದರಿಂದ ತಿಂಗಳೊಪ್ಪತ್ತಿನಲ್ಲಿ ಇಡೀ ಪ್ರಯೋಗಾಲಯಕ್ಕೆ ಅವರು ಅತ್ತಿಗೆಯಾದರು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಆಗಿನ ನಿರ್ದೇಶಕರು ಕೂಡ, "ಅತ್ತಿಗೆಯವರೇ, ಆ ಮರ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು.

ಎಣಿಕೆಗೆ ಅಲ್ಲೊಂದು ಕಟ್ಟಳೆಯಿತ್ತು. ಒಂದು ಮರವನ್ನು ಇಬ್ಬರು ಎಣಿಸಬೇಕು, ಒಂದೇ ದಾರಿಯಲ್ಲಿ ಅಲ್ಲ. ಒಬ್ಬರು ತೊಗಟೆಯ ಒಂದು ಕಡೆಯಿಂದ ತಿರುಳಿಗೆ, ಇನ್ನೊಬ್ಬರು ಬೇರೊಂದು ಕಡೆಯಿಂದ. ಹತ್ತು ವರ್ಷಕ್ಕೆ ಸೂಜಿಯಿಂದ ಒಂದು ಚುಕ್ಕೆ, ಐವತ್ತಕ್ಕೆ ಎರಡು, ನೂರಕ್ಕೆ ಮೂರು. ಎಣಿಸುವಾಗ ಮಾತಿಲ್ಲ, ಇಣುಕುವಂತಿಲ್ಲ. ಮುಗಿದ ಮೇಲೆ ಇಬ್ಬರೂ ಚೀಟಿಯಲ್ಲಿ ಸಂಖ್ಯೆ ಬರೆದು ನಿರ್ದೇಶಕರ ಮುಂದೆ ಒಟ್ಟಿಗೆ ಬಿಚ್ಚಬೇಕು. ತಾಳೆಯಾದರೆ ಎಲ್ಲರಿಗೂ ಟೀ. ಆಗದಿದ್ದರೆ "ನಡೆಸುವುದು": ಒಂದು ಉಂಗುರದ ಮೇಲೆ ಕಡ್ಡಿ ಇಟ್ಟು, ಒಬ್ಬರ ದಾರಿಯಿಂದ ಇನ್ನೊಬ್ಬರ ದಾರಿಯವರೆಗೆ ಸುತ್ತಿ ನಡೆಸುತ್ತಾ, ಎಲ್ಲಿ ಬೇರೆಯಾದವು ಎಂದು ಹುಡುಕುವುದು. ಅದಕ್ಕೆ ಎರಡು ದಿನವಾದರೂ ಬೇಕು, ಜೊತೆಗೆ ಕತ್ತೆಯಂಥ ತಾಳ್ಮೆ ಬೇಕು.

ಹದಿನೇಳು ವರ್ಷದ ಹಿಂದೆ ಒಂದು ದೊಡ್ಡ ಮರ ಬಂತು. ಬೆಟ್ಟದ ಮೇಲೆ ಗಾಳಿಗೆ ಉರುಳಿದ ಮುದಿ ಮರ. ಅದರ ಅಡ್ಡಹೋಳು ನೆಲಮಾಳಿಗೆಯ ಬಾಗಿಲಲ್ಲಿ ಹಿಡಿಸದೆ ಚೌಕಟ್ಟನ್ನೇ ಕಿತ್ತು ಒಳಗೆ ತಂದರು. ಇಬ್ಬರೂ ಮೂರು ವಾರ ಎಣಿಸಿದರು. ಚೀಟಿ ಬಿಚ್ಚಿದರೆ ಮೈದುನನದು ಸಾವಿರದ ನೂರಾ ಇಪ್ಪತ್ತಾರು, ಅತ್ತಿಗೆಯದು ಸಾವಿರದ ನೂರಾ ಇಪ್ಪತ್ತೇಳು.

"ನಡೆಸಿ ನೋಡೋಣ," ಎಂದರು ಅತ್ತಿಗೆ. "ನಾನೂರ ಹನ್ನೆರಡನೇ ಉಂಗುರದ ಆಚೆ ಒಂದು ಎಳೆ ಇದೆ, ಕೂದಲಿನಷ್ಟು. ಆ ವರ್ಷ ಮರಕ್ಕೆ ಏನೋ ಕಷ್ಟ ಬಂದಿದೆ. ಪೂರ್ತಿ ಉಂಗುರ ಕಟ್ಟೋಕೆ ತ್ರಾಣ ಸಾಲದೆ ನನ್ನ ಕಡೆ ಮಾತ್ರ ಕಟ್ಟಿದೆ."

ನಿರ್ದೇಶಕರು ಕೋಟು ಹಾಕಿಕೊಂಡು ನಿಂತಿದ್ದರು. ಯಾವುದೋ ಸಭೆಗೆ ಹೊತ್ತಾಗಿತ್ತು, ಆ ಸಂಖ್ಯೆ ಅಲ್ಲಿ ಹೇಳಬೇಕಿತ್ತು. ಸುತ್ತ ಏಳೆಂಟು ಜನ. ಚಕ್ಕೆಯವರ ನಾಲಿಗೆ ತುದಿಗೆ ಮಾತು ಬಂತು.

"ಬಿಡಿ ಸಾರ್, ನಮ್ಮ ಅತ್ತಿಗೆಗೆ ಈಚೆಗೆ ಒಂದಕ್ಕೆ ಎರಡು ಕಾಣುತ್ತೆ. ಮೊನ್ನೆ ಊಟಕ್ಕೆ ಕೂತಾಗ ನನ್ನೊಬ್ಬನಿಗೇ ಎರಡು ತಟ್ಟೆ ಇಟ್ಟಿದ್ದರು!"

ಎಲ್ಲರೂ ಗೊಳ್ಳೆಂದರು. ನಿರ್ದೇಶಕರೂ ನಕ್ಕು, ಸಾವಿರದ ನೂರಾ ಇಪ್ಪತ್ತಾರು ಎಂದು ಬರೆದುಕೊಂಡು ಹೊರಟೇಬಿಟ್ಟರು. ಅತ್ತಿಗೆಯೂ ನಕ್ಕರು. ಆಮೇಲೆ ತಮ್ಮ ಚೀಟಿಯನ್ನು ನಾಲ್ಕಾಗಿ ಮಡಿಚಿ ಕಸದ ಬುಟ್ಟಿಗೆ ಹಾಕಿದರು.

ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು. ಅದಕ್ಕೆ ಕಾಲು ಬಂತು. ನಿರ್ದೇಶಕರು ಒಳ್ಳೆಯ ಮನುಷ್ಯರು. ಒಳ್ಳೆಯವರಾದ್ದರಿಂದಲೇ ಒಂದು ತಿಂಗಳು ಯೋಚಿಸಿ, "ಅತ್ತಿಗೆಯವರ ಕಣ್ಣಿಗೆ ಇನ್ನು ತೊಂದರೆ ಕೊಡೋದು ಬೇಡ" ಎಂದು ಅವರನ್ನು ಶೀಶೆ ತೊಳೆಯುವ ವಿಭಾಗಕ್ಕೆ ಹಾಕಿದರು. ಅಲ್ಲಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಸ್ವಾಗತದ ಕುರ್ಚಿಗೆ, ಕುರ್ಚಿಯಿಂದ ನಿವೃತ್ತಿಗೆ ನಾಲ್ಕು ವರ್ಷ ಮುಂಚೆಯೇ ಮನೆಗೆ. ಎಣಿಸುವ ಮೇಜಿಗೆ ಅವರು ಮತ್ತೆ ಬರಲಿಲ್ಲ. ಚಕ್ಕೆಯವರು ಒಂದೆರಡು ಸಲ ನಿರ್ದೇಶಕರ ಬಾಗಿಲವರೆಗೆ ಹೋದರು. ಬಾಗಿಲು ಮುಚ್ಚಿತ್ತು. ತಟ್ಟಿದ್ದರೆ ತೆರೆಯುತ್ತಿತ್ತು, ಆ ಮಾತು ಬೇರೆ.

ಅತ್ತಿಗೆ ಒಂದು ದಿನವೂ ಆಡಿ ತೋರಿಸಲಿಲ್ಲ. ಎರಡೇ ಬೀದಿಯಾಚೆ ಮನೆ, ವಾರಕ್ಕೊಮ್ಮೆ ಹೋಗಿ ಬರುವುದು ಇದ್ದೇ ಇತ್ತು. ಆದರೆ ಆ ತಮಾಷೆ ಮನೆತನದ ಆಸ್ತಿಯಾಗಿ ಹೋಯಿತು. ಸೂಜಿಗೆ ದಾರ ಹಾಕಬೇಕಾದರೆ, "ನೀನೇ ಹಾಕಪ್ಪ, ನನಗೆ ಒಂದಕ್ಕೆ ಎರಡು ಕಾಣುತ್ತೆ" ಎನ್ನುವರು. ಬಸ್ಸಿನ ನಂಬರು ಓದಬೇಕಾದರೂ ಅದೇ. ಅಣ್ಣ ನಗುವನು, ಮಕ್ಕಳು ನಗುವರು, ಚಕ್ಕೆಯವರೂ ನಗುವರು. ಹೇಳಿದವರೇ ನಗದಿದ್ದರೆ ಚೆನ್ನಾಗಿರುತ್ತದೆಯೇ?

ಇತ್ತ ನೆಲಮಾಳಿಗೆಯಲ್ಲಿ ಚಕ್ಕೆಯವರು ತಾವು ಎಣಿಸಿದ ದಾರಿಯುದ್ದಕ್ಕೂ ಕೊಯ್ದ ಮರದ ಪಟ್ಟಿಯನ್ನು ತೊಗಟೆಯಿಂದ ಕೆತ್ತುತ್ತಾ ಒಳಕ್ಕೆ ಹೋದರು. ವರ್ಷಕ್ಕೆ ಅರವತ್ತು ಉಂಗುರ. ಹದಿನೇಳು ವರ್ಷದಲ್ಲಿ ಸಾವಿರಕ್ಕೂ ಮಿಕ್ಕಿ ವರ್ಷ ಹಿಂದಕ್ಕೆ ನಡೆದರು. ಈ ಅವಧಿಯಲ್ಲಿ ಅವರ ಕಣ್ಣೆದುರಿನ ಸೂರ್ಯ ಮುಗಿಸಿದ್ದು ಒಂದೂವರೆ ಸುತ್ತು. ಇನ್ನು ಐದು ತಿಂಗಳಿಗೆ ನಿವೃತ್ತಿ ಎನ್ನುವಾಗ ಮೇಲಿನ ಮಹಡಿಯಿಂದ ಯಂತ್ರದಯ್ಯ ಇಳಿದು ಬಂದ. ಯಂತ್ರ ನೋಡಿಕೊಳ್ಳುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಕೈಯಲ್ಲೊಂದು ನಕ್ಷೆಯ ಹಾಳೆ.

"ಚಕ್ಕೆಯವರೇ, ನಿಮ್ಮ ಮರಕ್ಕೆ ಸುದ್ದಿ ತಡವಾಗಿ ತಲುಪಿದೆ ಕಣ್ರೀ."

ಸಾವಿರ ವರ್ಷಕ್ಕೂ ಹಿಂದೆ ಒಂದು ವರ್ಷ ಸೂರ್ಯ ತಾನೇ ಸಿಡಿದು ಕಣಗಳನ್ನು ಎರಚಿದ್ದ. ಆ ಒಂದೇ ವರ್ಷ ರೇಡಿಯೋ ಕಾರ್ಬನ್ ಚಂಗನೆ ಮೇಲಕ್ಕೆ ಹಾರಿತ್ತು. ಅಂಥದೊಂದು ಉಂಟೆಂದು ಜನಕ್ಕೆ ತಿಳಿದದ್ದೇ ಈಚೆಗೆ. ತಿಳಿದ ಮೇಲೆ ನೋಡಿದರೆ ಎಲ್ಲ ಕಡೆಯ ಮರಗಳಲ್ಲೂ ಆ ನೆಗೆತ, ಅದೇ ವರ್ಷ.

"ಬೇರೆಯವರ ಮರ ಎಲ್ಲಾ ಆ ವರ್ಷ ಬೆಚ್ಚಿಬಿದ್ದಿವೆ," ಎಂದ ಯಂತ್ರದಯ್ಯ. "ನಿಮ್ಮದೊಂದು ಮಾತ್ರ ಮುಂದಿನ ವರ್ಷ ಬೆಚ್ಚಿಬಿದ್ದಿದೆ. ಇವತ್ತು ಜೋಕು ಹೇಳಿದರೆ ನಾಳೆ ನಗೋರು ಇರ್ತಾರಲ್ಲ, ಹಾಗೆ."

"ಯಂತ್ರ ತಪ್ಪಿರಬಹುದು."

"ಮೂರು ಸಲ ಕೇಳಿದೆ, ಮೂರು ಸಲಾನೂ ಅದೇ ಹೇಳ್ತು. ನನ್ನ ಹೆಂಡತೀನೂ ಒಂದೇ ಮಾತನ್ನ ಮೂರು ಸಲ ಹಾಗೇ ಹೇಳಲ್ಲ. ಎಲ್ಲೋ ಒಂದು ವರ್ಷ ಎಣಿಸೋದು ಬಿಟ್ಟುಹೋಗಿದೆ ಸ್ವಾಮೀ."

ಎಲ್ಲಿ ಎಂದು ಚಕ್ಕೆಯವರು ಯೋಚಿಸಬೇಕಾಗಿರಲಿಲ್ಲ. ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ, ಮುರಿದ ಕುರ್ಚಿಗಳ ಹಿಂದೆ, ಆ ಅಡ್ಡಹೋಳಿನ ಉಳಿದರ್ಧ ಗೋಡೆಗೊರಗಿ ನಿಂತಿತ್ತು. ಅದರ ಮೇಲೆ ಅತ್ತಿಗೆಯ ಸೂಜಿಚುಕ್ಕೆಗಳು ಹಾಗೇ ಇದ್ದವು: ಹತ್ತಕ್ಕೆ ಒಂದು, ಐವತ್ತಕ್ಕೆ ಎರಡು, ನೂರಕ್ಕೆ ಮೂರು. ಹದಿನೇಳು ವರ್ಷದ ಧೂಳನ್ನು ಒರೆಸಿ, ಉಪ್ಪುಕಾಗದದಿಂದ ತಿಕ್ಕಿ, ಸೀಮೆಸುಣ್ಣದ ಪುಡಿ ಸವರಿ ಭೂತಗನ್ನಡಿ ಹಿಡಿದರು. ನಾನೂರ ಹನ್ನೆರಡರ ಆಚೆ ಎಳೆ ಇತ್ತು. ಗೀರಲ್ಲ, ಬಿರುಕಲ್ಲ. ಎರಡು ಸಾಲು ತಿಳಿ ಕೋಶ, ಅದರಂಚಿಗೆ ಒಂದು ಸಾಲು ಕಪ್ಪು. ಕಷ್ಟಪಟ್ಟು ಕಟ್ಟಿದ ಒಂದು ಇಡೀ ವರ್ಷ. ಕಡ್ಡಿ ಇಟ್ಟು ತಮ್ಮ ದಾರಿಯ ಕಡೆಗೆ ನಡೆಸಿದರು. ಎಳೆ ಸಣ್ಣಗಾಗುತ್ತಾ ಆಗುತ್ತಾ, ಅವರ ಪಟ್ಟಿ ಕೊಯ್ದ ಅಂಚಿಗೆ ನಾಲ್ಕು ಬೆರಳು ಇರುವಾಗ ಮಾಯವಾಯಿತು. ಎರಡು ದಿನ ಬೇಕು ಎಂದುಕೊಂಡಿದ್ದ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿದಿತ್ತು.

ಈಗಿನ ನಿರ್ದೇಶಕರು ಬಂದು ಮೂರು ವರ್ಷ. ಚಕ್ಕೆಯವರು ಎಲ್ಲ ಹೇಳಿದ ಮೇಲೆ, "ಒಂದು ವರ್ಷ ತಾನೆ?" ಎಂದು ಕಂಪ್ಯೂಟರಿನ ಕಡೆ ತಿರುಗಿ ಟಕಟಕ ಒತ್ತಿದರು. "ಆಯ್ತು. ನಾನೂರ ಹನ್ನೆರಡರ ಆಚೆ ಇರೋದೆಲ್ಲಾ ಒಂದು ವರ್ಷ ಹಿಂದಕ್ಕೆ."

ಚಕ್ಕೆಯವರು ಗೋಡೆ ಗಡಿಯಾರ ನೋಡಿದರು. ಎಂಟು ಸೆಕೆಂಡು ಹಿಡಿದಿರಬಹುದು.

"ಮುಖ್ಯ ವಿಷಯಕ್ಕೆ ಏನೂ ಆಗಲ್ಲ ಬಿಡಿ," ಎಂದು ನಿರ್ದೇಶಕರು ಸಮಾಧಾನ ಹೇಳಿದರು. "ಇನ್ನೂರು ವರ್ಷದ ಅಲೆಗೆ ಒಂದು ವರ್ಷ ಯಾವ ಲೆಕ್ಕ?"

"ಸಾರ್, ಅವತ್ತು ಅತ್ತಿಗೆ ಸರಿಯಾಗಿ ಎಣಿಸಿದ್ದರು ಅಂತ ವರದಿಯಲ್ಲಿ ಒಂದು ಸಾಲು..."

"ಯಾರ ಅತ್ತಿಗೆ?"

"ಎಲ್ಲರಿಗೂ ಅತ್ತಿಗೆ ಸಾರ್. ಇಲ್ಲೇ ಇದ್ದರು."

"ಅವರ ಎಣಿಕೆಯ ಚೀಟಿ ಇದೆಯಾ?"

ಚೀಟಿ ಇರಲಿಲ್ಲ. ಬರೀ ಸೂಜಿಚುಕ್ಕೆ ಇತ್ತು, ಸೂಜಿಚುಕ್ಕೆಗೆ ಸಹಿ ಇರುವುದಿಲ್ಲ.

"ದಾಖಲೆ ಇಲ್ಲದೆ ಹೆಸರು ಹೇಗೆ ಹಾಕಲಿ ಹೇಳಿ? 'ಒಂದು ವರ್ಷದ ತಿದ್ದುಪಡಿ ಮಾಡಿದೆ' ಅಂತ ಹಾಕ್ತೀನಿ. ಅಂದಹಾಗೆ, ನೀವು ಹೋದಮೇಲೆ ಈ ಕೆತ್ತೋ ಕೆಲಸ ನಿಲ್ಲಿಸ್ತಿದ್ದೀವಿ. ಹೊರಗೆ ಕೊಟ್ಟು ಮಾಡಿಸ್ತೀವಿ. ಆ ಕೋಣೆಗೆ ಹೊಸ ಕಂಪ್ಯೂಟರುಗಳು ಬರ್ತವೆ. ಆ ಹಳೇ ಮರದ ಹೋಳು ಇದೆಯಲ್ಲ, ಅದನ್ನೂ ಸಾಗಹಾಕಬೇಕು. ನಿಮಗೆ ಬೇಕಾದರೆ ಒಂದು ತುಂಡು ಇಟ್ಕೊಳ್ಳಿ, ನೆನಪಿಗೆ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡರು. "ಹೋಗಿ ಹೇಳಿ ಬನ್ನಿ," ಎಂದರು. "ಆದರೆ ದಮ್ಮಯ್ಯ, ಅಲ್ಲಿ ಹೋಗಿ ತಮಾಷೆ ಮಾಡಬೇಡಿ."

ಭಾನುವಾರ ಮಧ್ಯಾಹ್ನ ಚಕ್ಕೆಯವರು ಆ ಎಳೆ ಇದ್ದ ಭಾಗವನ್ನು ಅಂಗೈಯಗಲ ಕೊಯ್ದು, ಬಟ್ಟೆಚೀಲದಲ್ಲಿ ಹಾಕಿಕೊಂಡು, ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಅಣ್ಣನ ಮನೆಗೆಂದು ಮೂರನೆಯ ಮಹಡಿ ಹತ್ತಿದರು. ಅಣ್ಣ ಬಾಗಿಲು ತೆಗೆದ. ಅತ್ತಿಗೆ ಕಿಟಕಿಯ ಹತ್ತಿರ ಕೂತು ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು, ಬೆರಳಿನ ಅಂದಾಜಿನಲ್ಲೇ. ಮೂರು ವರ್ಷದಿಂದ ಅವರ ಕಣ್ಣು ನಿಜವಾಗಿಯೂ ಕೆಟ್ಟಿತ್ತು. ನಟ್ಟನಡುವೆ ಮಸುಕು, ಯಾವುದನ್ನು ನೋಡಬೇಕೋ ಅದೊಂದನ್ನು ಬಿಟ್ಟು ಸುತ್ತಲಿನದೆಲ್ಲ ಕಾಣುತ್ತಿತ್ತು. ಮೈದುನನ ಮುಖ ಕಾಣಬೇಕಾದರೆ ಅವನ ಕಿವಿಯ ಪಕ್ಕದ ಗೋಡೆ ನೋಡಬೇಕು.

"ಅತ್ತಿಗೆ, ಆ ದೊಡ್ಡ ಮರ ನೆನಪಿದೆಯಾ? ಅವತ್ತು ನೀವು ಎಣಿಸಿದ್ದೇ ಸರಿ. ಸಾವಿರದ ನೂರಾ ಇಪ್ಪತ್ತೇಳೇ ಸರಿ. ತಪ್ಪಿದ್ದು ನಾನು."

ಅತ್ತಿಗೆ ಗೋಡೆ ನೋಡಿದರು. "ಏನೋ ಇದು ಹೊಸ ತಮಾಷೆ?"

"ತಮಾಷೆ ಅಲ್ಲ ಅತ್ತಿಗೆ."

"ನೀನು ತಮಾಷೆ ಅಲ್ಲ ಅಂದಾಗಲೇ ನಂಗೆ ಅನುಮಾನ."

ಚಕ್ಕೆಯವರು ಹೇಳಿದರು. ಸೂರ್ಯ ಸಿಡಿದದ್ದು, ಒಂದು ವರ್ಷ ತಡವಾದದ್ದು, ಮೆಟ್ಟಿಲ ಕೆಳಗೆ ಎಳೆಯನ್ನು ನಡೆಸಿದ್ದು, ಎಲ್ಲ. ಜೀವಮಾನದಲ್ಲೇ ಮೊದಲ ಬಾರಿಗೆ ಒಂದೂ ತಮಾಷೆಯಿಲ್ಲದೆ ಕಾಲು ಗಂಟೆ ಮಾತಾಡಿದರು. ಅತ್ತಿಗೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಪೂರ್ತಿ ಕೇಳಿದರು.

"ನೋಡು," ಎಂದರು ಆಮೇಲೆ, ಮೆಲ್ಲಗೆ. "ಅವತ್ತು ನಂಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಹೇಳೋಕಾಗಲ್ಲ. ಹದಿನಾಲ್ಕು ವರ್ಷ ಒಳಗೊಳಗೇ ಇಟ್ಕೊಂಡಿದ್ದೆ. ನೀನು ಮನೆಗೆ ಬಂದಾಗೆಲ್ಲ ಟೀ ಲೋಟ ಎತ್ತಿ ತಲೆ ಮೇಲೆ ಸುರಿಯೋಣ ಅನ್ನಿಸ್ತಿತ್ತು. ಆಮೇಲೆ ಕಣ್ಣಿನ ಡಾಕ್ಟರು ಹೇಳಿದರು, ಈ ರೋಗ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತೆ, ನಮಗೇ ಗೊತ್ತಾಗಲ್ಲ ಅಂತ. ಗೆರೆಗಳು ಸೊಟ್ಟ ಕಾಣುತ್ತವಂತೆ, ಇಲ್ಲದ್ದು ಕಾಣುತ್ತಂತೆ. ಆಗ ತಿಳೀತು, ನೀನು ಸರಿಯಾಗೇ ಹೇಳಿದ್ದೆ ಅಂತ. ಆವತ್ತಿಂದ ಮನಸ್ಸು ಹಗುರಾಯ್ತು. ಈಗ ಬಂದು ಯಾಕೆ ಸುಮ್ಮನೆ ಸಮಾಧಾನ ಮಾಡ್ತೀಯ?"

"ಸಮಾಧಾನ ಅಲ್ಲ! ಇಲ್ಲೇ ತಂದಿದ್ದೀನಿ. ಬೆರಳು ಕೊಡಿ."

ಅವರ ತೋರುಬೆರಳನ್ನು ಹಿಡಿದು, ಉಗುರನ್ನು ಆ ಎಳೆಯ ಮೇಲೆ ಇಟ್ಟರು. ಅತ್ತಿಗೆ ಮರವನ್ನು ಮೊದಲು ಮೂಸಿ ನೋಡಿದರು. ಮುಖ ಒಂದು ಗಳಿಗೆ ಬೇರೆಯಾಯಿತು. ಉಗುರನ್ನು ಆಚೆ ಈಚೆ ಆಡಿಸಿದರು, ಉಸಿರು ಬಿಡುತ್ತಾ, ಹಿಂದೆ ಕೆತ್ತುತ್ತಿದ್ದ ಹಾಗೆ. ಎರಡು ಸಾಲು ಕೋಶ ಉಗುರಿಗೆ ಎಲ್ಲಿ ಸಿಗಬೇಕು?

"ಏನೂ ಇಲ್ಲ ಕಣೋ. ನುಣ್ಣಗಿದೆ."

"ಅಣ್ಣ, ನೀನು ನೋಡು. ನೀನು ನೋಡಿ ಹೇಳು ಅವರಿಗೆ."

ಅಣ್ಣ ಭೂತಗನ್ನಡಿ ಹಿಡಿದು, ಮರವನ್ನು ತಲೆಕೆಳಗು ಮಾಡಿ, ಮತ್ತೆ ಸರಿ ಮಾಡಿ, ಕಿಟಕಿಗೆ ಒಡ್ಡಿ ಬಹಳ ಶ್ರದ್ಧೆಯಿಂದ ನೋಡಿದ. "ಇಲ್ಲೇನಾ? ಇಲ್ಲಿ ಒಂದು ಗೆರೆ ಇದೆ ಅಷ್ಟೆ."

"ಒಂದಲ್ಲ ಅಣ್ಣಾ, ಎರಡು. ಸರಿಯಾಗಿ ನೋಡು, ಎರಡಿದೆ."

"ಎರಡು ಕಾಣಬೇಕಾದರೆ ನಾನು ನಿನ್ನ ಅತ್ತಿಗೆ ಆಗಬೇಕು!" ಎಂದ ಅಣ್ಣ, ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆಯೂ ನಕ್ಕರು, ಹಗುರಾಗಿ, ಯಾವ ಮುನಿಸೂ ಇಲ್ಲದೆ.

ಚಕ್ಕೆಯವರು ಬಾಯಿ ತೆರೆದರು. ಇನ್ನೊಮ್ಮೆ ಮೊದಲಿಂದ ಹೇಳಬಹುದಿತ್ತು. ಅತ್ತಿಗೆ ನಂಬಿದರೂ ಆ ಹದಿನಾಲ್ಕು ವರ್ಷದ ಸಿಟ್ಟು ತಿರುಗಿ ಬರುವುದೇ ಹೊರತು ಎಣಿಸುವ ಮೇಜು ಬರುವುದಿಲ್ಲ. ಮೇಜನ್ನು ಇನ್ನು ಐದು ತಿಂಗಳಿಗೆ ಹೊರಗೆ ಹಾಕುತ್ತಾರೆ. ನಂಬದಿದ್ದರೆ ಇದೂ ಒಂದು ತಮಾಷೆಯಾಗಿ ಮನೆಯಲ್ಲಿ ಉಳಿಯುತ್ತದೆ. ಬಾಯಿ ಮುಚ್ಚಿದರು.

ಅಣ್ಣ ಟೀ ತಂದ. ಮೇಜಿನ ಮೇಲೆ ಬಿಸಿ ಲೋಟ ಇಡಲು ಏನೂ ಕಾಣದೆ ಆ ಮರದ ತುಂಡನ್ನೇ ಎಳೆದುಕೊಂಡು ಅದರ ಮೇಲೆ ಇಟ್ಟ. "ಅಳತೆ ಮಾಡಿ ತಂದ ಹಾಗಿದೆ. ಇಲ್ಲೇ ಇರಲಿ ಬಿಡು," ಎಂದ.

ಅತ್ತಿಗೆ ಅಂಗಿ ಎತ್ತಿಕೊಂಡರು. ದಾರ ಮುಗಿದಿತ್ತು. ಸೂಜಿಯನ್ನೂ ದಾರದ ಉಂಡೆಯನ್ನೂ ಮೈದುನನ ಕಿವಿಯ ಕಡೆಗೆ ಚಾಚಿದರು.

"ಬಂದಿದ್ದೀಯಲ್ಲ, ಇದೊಂದು ಹಾಕ್ಕೊಡಪ್ಪ. ನಂಗೆ ಒಂದಕ್ಕೆ ಎರಡು ಕಾಣುತ್ತೆ."

ಚಕ್ಕೆಯವರು ದಾರದ ತುದಿಯನ್ನು ತುಟಿಗೆ ಒತ್ತಿ, ಉಸಿರು ಬಿಡುತ್ತಾ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು.

"ಭೇಷ್," ಎಂದರು ಅತ್ತಿಗೆ, ಬೆರಳಲ್ಲಿ ದಾರವನ್ನು ತಡವಿ ನೋಡುತ್ತಾ. "ನಿನ್ನ ಕಣ್ಣು ಮಾತ್ರ ಯಾವತ್ತೂ ತಪ್ಪಿದ್ದಿಲ್ಲ."